ಕಾಯಕಜೀವಿಗಳ ಇಟ್ಟಿಗೆಯ ಹಡಗು

ಬಡವನಿಗೆ ತಲೆಯ ಮೇಲೊಂದು ಸೂರು ದೊರೆತರೆ ಸಾಕು, ಸೊಗಸೇಕೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ಆಡಿಯೂ ಇದ್ದೇವೆ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರದ ಒಂದು ವಸತಿ ಕಟ್ಟಡವು ಈ ಮಾತಿಗೆ ಇಟ್ಟಿಗೆಯಲ್ಲೇ ಉತ್ತರ ನೀಡಿದೆ. ಅದರ ಹೆಸರು ‘ಹೆಟ್ ಸ್ಖಿಪ್’; ಎಂದರೆ ಹಡಗು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನಗರದ ಕೂಲಿಕಾರರ ಬಾಳು ಹೇಳತೀರದಾಗಿತ್ತು. ತೇವ ಜಿನುಗುವ ನೆಲಮಾಳಿಗೆಗಳಲ್ಲಿ, ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಮಲಗುವುದು ಗೋಡೆಯೊಳಗಿನ ಗಾಳಿಯಾಡದ ಗೂಡಿನಲ್ಲಿ. 1901ರ ವಸತಿ ಕಾನೂನು ಈ ಸ್ಥಿತಿಯನ್ನು ಬದಲಿಸಲು ಹೊರಟಿತು. ಲಾಭದಾಸೆಯಿಲ್ಲದೆ ಮನೆ ಕಟ್ಟುವ ಸಂಘಗಳಿಗೆ ಸರ್ಕಾರದ ಸಾಲ ದೊರೆಯುವಂತಾಯಿತು. ಹಾಗೆ 1909ರಲ್ಲಿ ಹುಟ್ಟಿದ ಸಂಘವೊಂದರ ಹೆಸರು ‘ಐಗನ್ ಹಾರ್ಡ್’, ಅಂದರೆ ‘ಸ್ವಂತ ಒಲೆ’. ಎಂತಹ ಗೃಹಸ್ಥಧರ್ಮದ ಹೆಸರು!

ಈ ಸಂಘಕ್ಕಾಗಿ ಮಿಶೆಲ್ ಡೆ ಕ್ಲೆರ್ಕ್ ಎಂಬ ಶಿಲ್ಪಿ ರೂಪಿಸಿದ ಕಟ್ಟಡದ ಕೆಲಸ 1919ರಲ್ಲಿ ಆರಂಭವಾಯಿತು. ಆತನೂ ಬಡ ಯಹೂದಿ ಮನೆತನದವನು. ಹದಿನಾಲ್ಕರ ಹರೆಯದಲ್ಲೇ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ದುಡಿಮೆಗೆ ಸೇರಿದವನು. ಒಟ್ಟು 102 ಮನೆಗಳು, ಒಂದು ಅಂಚೆಕಚೇರಿ, ನಿವಾಸಿಗಳಿಗೊಂದು ಸಭಾಗೃಹ; ಅಲ್ಲಿ ಮೊದಲೇ ಇದ್ದ ಶಾಲೆಯನ್ನೂ ಆತ ಕೆಡವದೆ ತನ್ನ ಕಟ್ಟಡದೊಳಗೇ ಸೇರಿಸಿಕೊಂಡ. ಕಲ್ಲು ವಿರಳವಾದ, ನದಿಯ ಜೇಡಿಯೇ ಹೇರಳವಾದ ನಾಡು ಅದು. ಅಲ್ಲಿ ಇಟ್ಟಿಗೆ ಸಾಧಾರಣ ವಸ್ತು. ಆದರೆ ಆತನ ಕೈಯಲ್ಲಿ ಅದೇ ಇಟ್ಟಿಗೆ ಅಲೆಯಂತೆ ಬಾಗಿತು, ಉಬ್ಬಿತು, ಕೆಲವೆಡೆ ಅಡ್ಡಲಾಗಿರದೆ ನೆಟ್ಟಗೆ ನಿಂತಿತು.

ಕಟ್ಟಡದ ಒಂದು ತುದಿಯಲ್ಲಿ ಎತ್ತರದ ಗೋಪುರವಿದೆ. ಅದರಲ್ಲಿ ಯಾರೂ ವಾಸಿಸುವುದಿಲ್ಲ, ಗಂಟೆಯೂ ಇಲ್ಲ. ಕೇವಲ ಚೆಲುವಿಗಾಗಿ ನಿಂತ ಗೋಪುರವದು. ದುಂದುವೆಚ್ಚವೆಂಬ ಟೀಕೆ ಡೆ ಕ್ಲೆರ್ಕನಿಗೆ ತಪ್ಪಲಿಲ್ಲ. ಬಾಗಿದ ಗೋಡೆಗೆ ನೇರ ಗೋಡೆಗಿಂತ ಹೆಚ್ಚು ಹಣ ತಗಲುವುದೂ ನಿಜವೇ. ಆದರೆ ಅದೇ ಹಣದಿಂದ ಶ್ರೀಮಂತರು ಮಹಲಿಗೆ ಗೋಪುರವಿಟ್ಟಾಗ ಯಾರೂ ಲೆಕ್ಕ ಕೇಳಿರಲಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಮಗೆ, ಕಾಯಕಜೀವಿಯ ಮನೆಗೆ ಚೆಲುವು ಹೆಚ್ಚಾಯಿತೆಂಬ ಆಕ್ಷೇಪ ಒಪ್ಪಿಗೆಯಾಗುವುದು ಕಷ್ಟ. ಜನರಂತೂ ಅದನ್ನು ‘ಕಾರ್ಮಿಕರ ಅರಮನೆ’ ಎಂದೇ ಕರೆದರು.

1923ರಲ್ಲಿ, ಕೇವಲ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಡೆ ಕ್ಲೆರ್ಕ್ ತೀರಿಕೊಂಡನು. ಆಗ ಪತ್ರಿಕೆಯಲ್ಲಿ ಪ್ರಕಟವಾದ ಶೋಕಪತ್ರವೊಂದನ್ನು ಬರೆದವಳು ಅವನು ಕಟ್ಟಿದ ಮನೆಗಳಲ್ಲಿ ಬಾಳುತ್ತಿದ್ದ ಗೃಹಿಣಿ. ತಮ್ಮ ಮನೆಗಳ ಮನುಷ್ಯ ಹೊರಟುಹೋದನೆಂಬುದು ಅವಳ ಅಳಲು.

ಅಂಚೆಕಚೇರಿ 1999ರಲ್ಲಿ ಮುಚ್ಚಿತು. 2001ರಿಂದ ಅದೇ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವಿದೆ. ಪ್ರವಾಸಿಗರು ಬಂದು ಗೋಪುರವನ್ನು ತಲೆಯೆತ್ತಿ ನೋಡುತ್ತಾರೆ. ಉಳಿದ ಬಾಗಿಲುಗಳ ಹಿಂದೆ ಇಂದಿಗೂ ಬಾಡಿಗೆದಾರರ ಸಂಸಾರಗಳಿವೆ. ಮನೆಯ ಒಡೆತನ ಅದೇ ‘ಸ್ವಂತ ಒಲೆ’ ಸಂಘದ್ದು.