ಹಿರಿಯ ಪದವೀಧರರ ಕ್ಷೇಮ ಸಮಾಚಾರ: ಕವಲಂದೆಗೆ ಹೋಗಿ ಕೇಳುವವರು ಯಾರು?

ಕಾಲೇಜುಗಳ ವಾರ್ಷಿಕ ಸಂಚಿಕೆಯಲ್ಲಿ ಹಳೆ ವಿದ್ಯಾರ್ಥಿಗಳ ಸುದ್ದಿಗೆಂದು ಒಂದೆರಡು ಪುಟ ಇರುತ್ತದೆ. ಯಾರು ನಿವೃತ್ತರಾದರು, ಯಾರ ಮದುವೆಗೆ ಐವತ್ತು ವರ್ಷ ತುಂಬಿತು, ಯಾರು ಮಗನ ಜತೆ ಬೆಂಗಳೂರಿಗೆ ಹೋಗಿ ನೆಲೆಸಿದರು, ಯಾರು ದೇವರ ಪಾದ ಸೇರಿದರು ಎಂಬ ನಾಲ್ಕು ನಾಲ್ಕು ಸಾಲಿನ ಸುದ್ದಿಗಳು. ಸಂಚಿಕೆ ಕೈಗೆ ಬಂದ ಕೂಡಲೇ ವಯಸ್ಸಾದವರು ಮೊದಲು ತೆರೆಯುವುದು ಇದೇ ಪುಟವನ್ನು. ಈ ಪುಟ ಹೇಗೆ ತುಂಬುತ್ತದೆ, ಎಲ್ಲಿ ಎಡವುತ್ತದೆ, ಅದರಲ್ಲಿ ನಮ್ಮ ಗುರಿಕಾರರು ಮತ್ತು ಪಾಲನಾ ಪರಿಷತ್ತಿನ ಸದಸ್ಯರು ಏನು ಮಾಡಬಹುದು ಎಂದು ಕೆಲವರು ಕೇಳಿದ್ದಾರೆ. ಅವರಿಗಾಗಿ ಈ ಬರಹ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇವೆ. ಒಮ್ಮೆ ಹಿರಿಯರೊಬ್ಬರ ಹೆಸರಿನ ಹಿಂದೆ 'ದಿವಂಗತ' ಎಂದು ಸೇರಿಸಿಬಿಟ್ಟಿದ್ದೆವು. ತೀರಿಕೊಂಡಿದ್ದವರು ಅದೇ ಹೆಸರಿನ, ಅದೇ ವರ್ಷದ ಮತ್ತೊಬ್ಬರು. ಮರುದಿನ ಬೆಳಿಗ್ಗೆ ಫೋನ್ ಬಂತು. "ಫಾದರ್, ನಾನು ಇನ್ನೂ ಇದ್ದೇನೆ. ಪೂಜೆ ಇಟ್ಟಿದ್ದರೆ ಪರವಾಗಿಲ್ಲ, ಮುಂದಕ್ಕೆ ಬೇಕಾಗುತ್ತದೆ" ಎಂದರು. ಅವರು ನಕ್ಕರು, ನಮಗೆ ನಗು ಬರಲಿಲ್ಲ. ಆ ದಿನದಿಂದ ಹೆಸರುಗಳ ವಿಷಯದಲ್ಲಿ ನಾವು ಸ್ವಲ್ಪ ಹೆಚ್ಚೇ ಜಾಗ್ರತೆ ವಹಿಸುತ್ತೇವೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. 1897ರಲ್ಲೇ ಅದಕ್ಕೆ 'ಮ್ಯಾಂಗಲೋರ್ ಮ್ಯಾಗಜಿನ್' ಎಂಬ ತನ್ನದೇ ಪತ್ರಿಕೆಯಿತ್ತು. ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರ ಸಂತ ಆಗ್ನೆಸ್ ಕಾಲೇಜು 1921ರದ್ದು. ಹೀಗೆ ದಾಖಲೆ ಇಡುವ ಅಭ್ಯಾಸ ಕರಾವಳಿಗೆ ಹೊಸದೇನಲ್ಲ. ದಾಖಲೆಯಲ್ಲಿರುವ ಹೆಸರಿನಿಂದ ಇಂದು ಬದುಕಿರುವ ವ್ಯಕ್ತಿಯ ಮನೆ ಬಾಗಿಲಿಗೆ ದಾರಿ ಹುಡುಕುವುದೇ ಕಷ್ಟ.

ನಮ್ಮಲ್ಲಿ ಒಂದು ತರಗತಿಯಲ್ಲಿ ಮೂವರು ಜೋಸೆಫ್ ಡಿಸೋಜರು ಇರುವುದು ಸಾಮಾನ್ಯ. ಹೆಣ್ಣುಮಕ್ಕಳ ಮಾತು ಬೇರೆ. ಮದುವೆಯ ಮರುದಿನವೇ ಅವರು ಕಾಲೇಜಿನ ಪಟ್ಟಿಯಿಂದ ಕಣ್ಮರೆಯಾಗುತ್ತಾರೆ. ಮಂಗಳೂರಿನಲ್ಲಿ 1942ರಲ್ಲಿ ಹುಟ್ಟಿ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಬಿ.ಎ. ಓದಿದ ಮಾರ್ಗರೆಟ್ ನಜರೆತ್ ಯಾರು ಎಂದು ಕೇಳಿದರೆ ಎಷ್ಟು ಮಂದಿಗೆ ಗೊತ್ತು? ಮಾರ್ಗರೆಟ್ ಆಳ್ವ ಎಂದರೆ ಎಲ್ಲರಿಗೂ ಗೊತ್ತು. 2009ರಲ್ಲಿ ಉತ್ತರಾಖಂಡದ ರಾಜ್ಯಪಾಲರಾದವರು, 2022ರಲ್ಲಿ ಎಂಬತ್ತರ ವಯಸ್ಸಿನಲ್ಲಿ ಉಪರಾಷ್ಟ್ರಪತಿ ಚುನಾವಣೆಗೆ ನಿಂತವರು. ಅವರನ್ನು ಪತ್ರಿಕೆಗಳೇ ಹುಡುಕಿಕೊಟ್ಟವು. ಅದೇ ಕಾಲದಲ್ಲಿ ಪದವಿ ಪಡೆದು ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ ಟೀಚರಮ್ಮನನ್ನು ಹುಡುಕುವವರು ಯಾರು?

ಇಲ್ಲಿ ಚರ್ಚಿನ ದಾಖಲೆ ಪುಸ್ತಕ ನೆರವಿಗೆ ಬರುತ್ತದೆ. ಧರ್ಮಸಭೆಯ ಕಾನೂನಿನ 535ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿರಬೇಕು. ಮದುವೆ ಬೇರೆ ಊರಿನಲ್ಲಿ ಆದರೂ ಅದರ ಟಿಪ್ಪಣಿ ಜ್ಞಾನಸ್ನಾನದ ಪುಸ್ತಕಕ್ಕೆ ಬರಬೇಕು. ಆದ್ದರಿಂದ ತವರಿನ ಹೆಸರು, ತವರಿನ ಚರ್ಚು ಗೊತ್ತಿದ್ದರೆ ಸಾಕು, ಅಂಚಿನಲ್ಲಿ ಬರೆದ ಒಂದು ಸಾಲಿನಿಂದ ಮದುವೆಯಾದ ಊರು ತಿಳಿಯುತ್ತದೆ. ಪುಸ್ತಕ ನೋಡುವುದು ವಿಚಾರಣಾ ಗುರುಗಳ ಕೆಲಸ. ಗುರಿಕಾರರು ಅವರನ್ನು ಕೇಳಬೇಕೇ ಹೊರತು ತಾವೇ ತೆರೆಯಬಾರದು.

ವಿಳಾಸವೂ ಹಾಗೆಯೇ ಬದಲಾಗುತ್ತಾ ಬಂದಿದೆ. ಪಿನ್ ಕೋಡ್ ಬಂದದ್ದು 1972ರಲ್ಲಿ. ಅದಕ್ಕೂ ಮೊದಲಿನ ನೋಂದಣಿಯಲ್ಲಿ ಊರು, ಅಂಚೆ, ತಾಲ್ಲೂಕು ಇಷ್ಟೇ. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು, 2012ರಲ್ಲಿ ಬೇರೆ ಧರ್ಮಪ್ರಾಂತ್ಯವೂ ಆಯಿತು. ಮಂಗಳೂರು ವಿಶ್ವವಿದ್ಯಾಲಯ 1980ರದ್ದು. ಎಪ್ಪತ್ತರ ದಶಕದಲ್ಲಿ ಇಲ್ಲಿ ಓದಿದವರ ಪದವಿ ಪತ್ರದ ಮೇಲಿರುವುದು ಮೈಸೂರು ವಿಶ್ವವಿದ್ಯಾಲಯದ ಮುದ್ರೆ.

ಮೈಸೂರಿನ ಹೆಸರು ಬಂತಲ್ಲ, ಅಲ್ಲಿಗೇ ಹೋಗೋಣ. ಅಲ್ಲಿಯ ಬನ್ನಿಮಂಟಪದಲ್ಲಿರುವ ಸಂತ ಫಿಲೋಮಿನಾ ಕಾಲೇಜನ್ನು ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರು 1946ರಲ್ಲಿ ಸ್ಥಾಪಿಸಿದರು. ಮೊದಲ ವರ್ಷ ಸೇರಿದ ಹುಡುಗರಲ್ಲಿ ಇಂದು ಯಾರಾದರೂ ಇದ್ದರೆ ಅವರಿಗೆ ತೊಂಬತ್ತೈದು ದಾಟಿರುತ್ತದೆ. ಅರವತ್ತರ ದಶಕದಲ್ಲಿ ಸೇರಿದವರೇ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಇಲ್ಲಿ ಓದಿದವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು. ಮೈಸೂರಿನ ಸುತ್ತಲಿನ ಹಳ್ಳಿಗಳಿಂದ, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರಲ್ಲಿ ಸೇರಿದ್ದಾರೆ.

ನಂಜನಗೂಡು ತಾಲ್ಲೂಕಿನ ಕವಲಂದೆಯನ್ನೇ ತೆಗೆದುಕೊಳ್ಳಿ. ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಬರುವ ಊರು. ಹಿಂದೆ ಮೀಟರ್ ಗೇಜ್ ಗಾಡಿ ಓಡುತ್ತಿದ್ದ ಈ ದಾರಿ ಆ ಕಡೆಯ ಹಳ್ಳಿಗಳಿಗೂ ಮೈಸೂರಿಗೂ ಕೊಂಡಿ. ಹೀಗೆ ಊರಿನಿಂದ ಹೋಗಿ ಪದವಿ ಪಡೆದು, ಮತ್ತೆ ಊರಿಗೇ ಮರಳಿ ಮೇಷ್ಟ್ರಾಗಿಯೋ ಜಮೀನು ನೋಡಿಕೊಂಡೋ ಇರುವ ಹಿರಿಯರ ಸುದ್ದಿ ಕಾಲೇಜಿಗೆ ತಲುಪುವುದು ಹೇಗೆ? ಕರಾವಳಿಯಲ್ಲಾದರೆ ಭಾನುವಾರದ ಪೂಜೆಯಲ್ಲಿ ಪ್ರಕಟಣೆ ಓದಿದರೆ ಸಂಜೆಯೊಳಗೆ ಹತ್ತು ಮನೆಗೆ ಸುದ್ದಿ ಮುಟ್ಟುತ್ತದೆ. ಕವಲಂದೆಯ ಆ ಮೇಷ್ಟ್ರಿಗೆ ಗುರಿಕಾರರೂ ಇಲ್ಲ, ನಮ್ಮ ಪ್ರಕಟಣೆಯೂ ಇಲ್ಲ. ಅವರ ಮರಣ ನಮ್ಮ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಆದರೆ ಅವರ ಹೆಸರಿನಲ್ಲೇ ಒಂದು ಸುಳಿವಿರುತ್ತದೆ. ಹಳೆ ಮೈಸೂರಿನ ಕಡೆ ಹೆಸರಿನ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದ್ದು, ಎರಡನೆಯದು ತಂದೆಯದ್ದು. ಈ ರೂಢಿ ನಮ್ಮಲ್ಲೂ ಇಲ್ಲದಿಲ್ಲ. ಸಂತ ಅಲೋಶಿಯಸ್ಸಿನಲ್ಲಿ ಓದಿ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ, 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ಕೆ. ಎಸ್. ಹೆಗ್ಡೆಯವರ 'ಕೆ' ಎಂದರೆ ಕಾರ್ಕಳ ತಾಲ್ಲೂಕಿನ ಕೌಡೂರು. ಹಾಗೆಂದು ನಂಜನಗೂಡಿನ ಕಡೆಯ 'ಕೆ' ಕಂಡ ಕೂಡಲೇ ಕವಲಂದೆ ಎಂದು ತೀರ್ಮಾನಿಸಬೇಡಿ. ಅದು ಕಳಲೆಯೂ ಆಗಬಹುದು, ಕಡಕೊಳವೂ ಆಗಬಹುದು. ಕವಲಂದೆಯಲ್ಲೇ ದೊಡ್ಡ ಕವಲಂದೆ, ಚಿಕ್ಕ ಕವಲಂದೆ ಎಂದು ಎರಡಿವೆ. ಪ್ರವೇಶ ನೋಂದಣಿಯಲ್ಲಿ ಪೂರ್ತಿ ಊರಿನ ಹೆಸರು ನೋಡಿಯೇ ಹೊರಡಬೇಕು. ವಿಳಾಸದಲ್ಲಿ 'ಮೈಸೂರು ಜಿಲ್ಲೆ' ಎಂದಿದ್ದರೂ ಊರು ಇಂದು ಚಾಮರಾಜನಗರ ಜಿಲ್ಲೆಯಲ್ಲಿರಬಹುದು, ಅದೂ ಉಡುಪಿಯಂತೆ 1997ರಲ್ಲೇ ಬೇರೆಯಾದದ್ದು. ಊರಿಗೆ ಹೋದ ಮೇಲೆ ಅಂಚೆ ಕಚೇರಿ, ಹಾಲಿನ ಡೇರಿ, ಹೈಸ್ಕೂಲು ಈ ಮೂರು ಕಡೆ ವಿಚಾರಿಸಿ. ಕಾಲೇಜಿನ ಹೆಸರು ಹೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ. 'ರಿಟೈರಾದ ಮೇಷ್ಟ್ರು' ಎಂದರೆ ಮಕ್ಕಳೂ ಮನೆ ತೋರಿಸುತ್ತಾರೆ.

ಕಾಲೇಜಿನವರಿಗೇ ಇದು ಸಾಧ್ಯವಿಲ್ಲವೇ ಎಂದು ಕೇಳಬಹುದು. ಅವರ ಮೇಲಿನ ಒತ್ತಡ ಬೇರೆ ರೀತಿಯದು. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ ತನ್ನ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಒಡನಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಒಳ್ಳೆಯದೇ. ಆದರೆ ಅಲ್ಲಿ ಕೇಳುತ್ತಿದ್ದುದು ಸಂಘ ನೋಂದಣಿಯಾಗಿದೆಯೇ, ವರ್ಷದಲ್ಲಿ ಎಷ್ಟು ಲಕ್ಷ ರೂಪಾಯಿ ಬಂತು ಎಂದು. ಕೊಡುವ ಶಕ್ತಿಯಿದ್ದವರ ವಿಳಾಸ ಸರಿಯಾಗಿರುತ್ತದೆ, ಉಳಿದವರದ್ದು ಹಳತಾಗುತ್ತಾ ಹೋಗುತ್ತದೆ. ಇದನ್ನು ದೂರಲ್ಲ, ಇರುವ ಸಂಗತಿ ಎಂದಷ್ಟೇ ಹೇಳುತ್ತಿದ್ದೇವೆ. ದುಬೈ, ಟೊರಾಂಟೊಗಳಿಂದ ಬಂದ ಸುದ್ದಿ ಪುಟ ತುಂಬಿರುವಾಗ ಕವಲಂದೆಗೆ ಜಾಗವೇ ಇಲ್ಲ ಎಂದು ಓದುಗರಿಗೆ ಅನ್ನಿಸಿದರೆ ಅದು ಕಾಲೇಜಿನ ಚರಿತ್ರೆಯನ್ನೇ ತಪ್ಪಾಗಿ ಬರೆದಂತೆ.

ಹುಡುಕಲು ನವೆಂಬರ್ ಒಳ್ಳೆಯ ತಿಂಗಳು. ಅದು ನಮಗೆ ಮೃತರ ಸ್ಮರಣೆಯ ತಿಂಗಳು. ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಲು ಬ್ಯಾಂಕಿಗೆ ಬರುವುದೂ ಆಗಲೇ. ಮೈಸೂರಿನಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಒಂದು ಶನಿವಾರ ಬಿಡುವು ಮಾಡಿಕೊಂಡರೆ ಒಂದು ಹೋಬಳಿಯ ಕೆಲಸ ಶುರುವಾಗುತ್ತದೆ. ಪದವಿ, ಬಡ್ತಿಗಳನ್ನು ಆಮೇಲೆ ಕೇಳಿ. ಹಾಸ್ಟೆಲಿನಲ್ಲಿ ಇದ್ದರೇ ಅಥವಾ ರೈಲಿನಲ್ಲಿ ಓಡಾಡಿದರೇ, ಫೀಸು ಕಟ್ಟಿದವರು ಯಾರು, ಇಂಗ್ಲಿಷ್ ಪಾಠ ಅರ್ಥವಾಗಲು ಎಷ್ಟು ತಿಂಗಳು ಬೇಕಾಯಿತು ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಕಿವಿ ಕೇಳದವರಾದರೆ ಹಳೆಯ ಗ್ರೂಪ್ ಫೋಟೊ ತೋರಿಸಿ.

ಫೋನ್ ನಂಬರನ್ನೂ ಮನೆ ವಿಳಾಸವನ್ನೂ ಮಾತ್ರ ಅಚ್ಚು ಹಾಕಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಬಂದಿದೆ. ಅದಕ್ಕಿಂತ ಮುಖ್ಯವಾಗಿ, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಣ ದೋಚುವವರು ಹುಡುಕುವುದು ಒಂಟಿಯಾಗಿರುವ, ಪಿಂಚಣಿ ಬರುವ ಇಂಥ ಹಿರಿಯರನ್ನೇ. ಹೆಸರು, ಊರು, ಕಾಲೇಜು ಬಿಟ್ಟ ವರ್ಷ, ಅವರೇ ಒಪ್ಪಿ ಹೇಳಿದ ಎರಡು ಮಾತು, ಇಷ್ಟು ಪ್ರಕಟಣೆಗೆ ಸಾಕು. ನಂಬರು ಕಾಲೇಜಿನ ಕಚೇರಿಯಲ್ಲಿ ಇರಲಿ.

ತೀರಿಕೊಂಡಿದ್ದಾರೆ ಎಂದು ಯಾರಾದರೂ ಹೇಳಿದರೆ ಮನೆಯವರೊಬ್ಬರ ಜತೆ ಮಾತಾಡಿ, ತಾರೀಕು ಕೇಳಿ ಬರೆದುಕೊಳ್ಳಿ. ಮನೆಯವರು ಸಿಗದಿದ್ದರೆ ಆ ಜಾಗ ಖಾಲಿ ಬಿಟ್ಟು ಕಳುಹಿಸಿ. ಖಾಲಿ ಜಾಗ ನೋಡಿ ಯಾರೂ ಬೆಳಿಗ್ಗೆ ನಮಗೆ ಫೋನ್ ಮಾಡುವುದಿಲ್ಲ.