ಹೇಮಾವತಿಯ ದಡದಿಂದ ಕಡಲ ತಡಿಗೆ: ಘಟ್ಟವಿಳಿದ ಚಿಕ್ಕ ತಂಡಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಒಂದಕ್ಕೂ ಕಡಲ ತೀರವಿಲ್ಲ. ಇಲ್ಲಿನ ಹಳ್ಳಕೊಳ್ಳಗಳೆಲ್ಲ ಕಾವೇರಿಯನ್ನು ಕೂಡಿ ಮೂಡಣ ಸಮುದ್ರದತ್ತ ಹರಿಯುತ್ತವೆ. ಆದರೂ ಈ ಸೀಮೆಯ ಜನಕ್ಕೂ ಪಡುವಣ ಕಡಲಿಗೂ ಇರುವ ನಂಟು ಹಳೆಯದು. ಈಚಿನ ದಶಕಗಳಲ್ಲಿ ಐದಾರು ಜನ ಗೆಳೆಯರು ಕೂಡಿ, ಬೆನ್ನಿಗೆ ಚೀಲ ಹಾಕಿಕೊಂಡು, ಘಟ್ಟದ ಕಾಡನ್ನೂ ಕರಾವಳಿಯನ್ನೂ ಕಾಣಲು ಹೊರಡುವುದು ಕಾಲೇಜು ವಿದ್ಯಾರ್ಥಿಗಳಲ್ಲಿ ರೂಢಿಗೆ ಬಂದಿದೆ. ಇದನ್ನು ಹೊರನಾಡಿನಿಂದ ಬಂದ ಹವ್ಯಾಸವೆಂದು ಅನೇಕರು ಭಾವಿಸುತ್ತಾರೆ. ನಡಿಗೆಯ ಉದ್ದೇಶ ಹೊಸದೆಂಬುದು ನಿಜ. ಆದರೆ ದಾರಿಯೂ ತಂಡದ ಅಳತೆಯೂ ಹಳೆಯವು. ಆ ಅಳತೆ ಹೇಗೆ ಹುಟ್ಟಿತು, ಹೇಗೆ ತಪ್ಪಿತು, ಅದನ್ನು ಮತ್ತೆ ಏಕೆ ಪಾಲಿಸಬೇಕಾಗಿದೆ ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಭೂಸ್ವರೂಪವನ್ನು ನೆನೆಯಬೇಕು. ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿಯ ದಡ ಹಿಡಿದು ಮೇಲಕ್ಕೆ ಸಾಗಿದರೆ ಗೊರೂರು, ಅಲ್ಲಿಂದ ಮುಂದೆ ಸಕಲೇಶಪುರ. ಅದರಾಚೆ ಘಟ್ಟದ ನೆತ್ತಿ. ನೆತ್ತಿಯ ಈಚೆಗೆ ಬಿದ್ದ ಮಳೆ ಹೇಮಾವತಿಯ ಪಾಲು. ಆಚೆಗೆ ಬಿದ್ದದ್ದು ಕುಮಾರಧಾರೆಗೋ ನೇತ್ರಾವತಿಗೋ ಸೇರುತ್ತದೆ. ಆ ಎರಡು ನದಿಗಳೂ ಉಪ್ಪಿನಂಗಡಿಯಲ್ಲಿ ಕೂಡಿ ಮಂಗಳೂರಿನ ಬಳಿ ಕಡಲನ್ನು ಸೇರುತ್ತವೆ. ಹೀಗೆ ನಮ್ಮ ಸೀಮೆಯ ಪಯಣಿಗ ಒಂದು ಹೊಳೆಯ ಜೊತೆ ಹತ್ತಿ ಇನ್ನೊಂದರ ಜೊತೆ ಇಳಿಯುತ್ತಿದ್ದನು. ಹಾಸನ, ಚನ್ನರಾಯಪಟ್ಟಣಗಳ ಕಡೆಯವರಿಗೆ ದೋಣಿಗಾಲು, ಗುಂಡ್ಯಗಳ ಶಿರಾಡಿ ದಾರಿ ಅನುಕೂಲವಾಗಿದ್ದಿತು. ಅರಕಲಗೂಡಿನವರಿಗೆ ಕೊಡ್ಲಿಪೇಟೆ, ಶನಿವಾರಸಂತೆ, ವನಗೂರುಗಳ ಮೇಲೆ ಬಿಸಿಲೆ ಘಟ್ಟವಿಳಿದು ಸುಬ್ರಹ್ಮಣ್ಯವನ್ನು ಸೇರುವುದು ಹತ್ತಿರದ ಹಾದಿ.

ಈ ಹಾದಿಗಳಲ್ಲಿ ನಡೆದವರು ಯಾರು? ಉಪ್ಪನ್ನು ಘಟ್ಟದ ಮೇಲಕ್ಕೆ ತಂದು ಕೊಡುತ್ತಿದ್ದ ಹೇರೆತ್ತಿನ ವರ್ತಕರು. ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಹೊರಟ ಹರಕೆಯವರು. ಕುಲ್ಕುಂದದ ದನಗಳ ಜಾತ್ರೆಗೆ ಎತ್ತುಗಳನ್ನು ಹೊಡೆದುಕೊಂಡು ಹೋದ ರೈತರು. ಇವರಾರೂ ಒಂಟಿಯಾಗಿ ಹೋಗುತ್ತಿರಲಿಲ್ಲ. ಹುಲಿ, ಆನೆ, ಕಳ್ಳರ ಭಯವಿದ್ದಿತು. ದೊಡ್ಡ ಗುಂಪಾಗಿಯೂ ಹೋಗುವಂತಿರಲಿಲ್ಲ. ಕಾಲುದಾರಿ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ. ಇಳಿದುಕೊಳ್ಳಲು ಸಿಕ್ಕುವ ಒಂಟಿ ಮನೆಯಲ್ಲಿ ಕೆಲವರಿಗೆ ಮಾತ್ರ ಅನ್ನ. ಹೊಳೆ ತುಂಬಿದರೆ ಎಲ್ಲರೂ ಕಾಯಲೇಬೇಕು. ಭಯವು ಜೊತೆಗಾರರನ್ನು ಕೂಡಿಸಿತು, ದಾರಿಯ ಇಕ್ಕಟ್ಟು ಅವರ ಸಂಖ್ಯೆಯನ್ನು ಮಿತಿಗೊಳಿಸಿತು. ಚಿಕ್ಕ ತಂಡವೆಂಬುದು ಅಂದಿನವರಿಗೆ ರುಚಿಯ ಮಾತಾಗಿರಲಿಲ್ಲ. ಅದು ಘಟ್ಟವೇ ವಿಧಿಸಿದ ಕಟ್ಟಳೆ.

ದೊಡ್ಡ ಸಂಖ್ಯೆಯಲ್ಲಿ ಬಂದವರಿಗೆ ಘಟ್ಟವು ಹೇಗೆ ವರ್ತಿಸಿತೆಂಬುದಕ್ಕೆ ರಾಜಕೀಯ ಇತಿಹಾಸದಲ್ಲಿಯೂ ನಿದರ್ಶನವಿದೆ. ಸಕಲೇಶಪುರದ ಹತ್ತಿರ ಟಿಪ್ಪು ಸುಲ್ತಾನನು 1792ರಲ್ಲಿ ಪೂರೈಸಿದ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಕರಾವಳಿಯಿಂದ ಮೇಲೇರುವ ದಾರಿಯ ಮೇಲೆ ಕಣ್ಣಿಡಲು ಕಟ್ಟಿದುದು. ಮಂಜು ಕವಿದ ನೋಟದಿಂದ ಆ ಹೆಸರು ಬಂದಿತೆಂದು ಐತಿಹ್ಯ. ಶ್ರೀರಂಗಪಟ್ಟಣದ ಪತನಾನಂತರ ಈ ಬಲಂ ಸೀಮೆಯ ಪಾಳೆಯಗಾರನು ಕಾಡಿನ ಆಸರೆಯಲ್ಲಿ ಆಂಗ್ಲರನ್ನು ಎದುರಿಸಿ ನಿಂತನು. ಮಂಗಳೂರಿನ ಸಂಪರ್ಕಕ್ಕೆ ಇದರಿಂದ ಅಡಚಣೆಯಾಯಿತು. 1802ರ ಆರಂಭದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಅರೆಕೆರೆಯ ಕಾಡುಕೋಟೆಯನ್ನು ಹಿಡಿದ ಮೇಲೆಯೇ ಆ ಪ್ರತಿರೋಧ ಮುರಿಯಿತು. ಕೆಲವರ ಹೇರೆತ್ತಿನ ತಂಡ ಸುಲಭವಾಗಿ ದಾಟುತ್ತಿದ್ದ ಕಾಡು, ಸೈನ್ಯಕ್ಕೆ ದೊಡ್ಡ ತಡೆಯಾಗಿದ್ದಿತು.

ಗಾಡಿರಸ್ತೆಯೂ ಆಮೇಲೆ ರೈಲುದಾರಿಯೂ ಈ ತಡೆಯನ್ನು ಸಡಿಲಿಸಿದವು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣವಾಗಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಳಿಜಾರು ಐವತ್ತಕ್ಕೆ ಒಂದು. ಹಳಿಯನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಇಲ್ಲಿ ಪ್ರಯಾಣಿಕರ ಗಾಡಿ ನಿಂತಿತು. ಸರಕು ಗಾಡಿಗಳು 2006ರಲ್ಲಿ, ಪ್ರಯಾಣಿಕರ ಗಾಡಿಗಳು 2007ರ ಡಿಸೆಂಬರಿನಲ್ಲಿ ಮರಳಿ ಬಂದವು. ನಡುವಣ ಹತ್ತು ವರ್ಷಗಳೇ ಬೆನ್ನುಚೀಲದ ಸಂಚಾರಕ್ಕೆ ಅನಿರೀಕ್ಷಿತವಾದ ಅವಕಾಶವಿತ್ತವು. ದೋಣಿಗಾಲಿನಿಂದ ಕಡಗರವಳ್ಳಿ, ಯಡಕುಮರಿಗಳವರೆಗೆ ತರುಣರು ಹಳಿಯ ಮೇಲೆಯೇ ನಡೆದರು. ಯಡಕುಮರಿ ನಿಲ್ದಾಣದ ಕಟ್ಟೆಯ ಮೇಲೆ ರಾತ್ರಿ ಕಳೆದರು. ಗಾಡಿಗಳು ಮರಳಿದ ಮೇಲೆಯೂ ಈ ಅಭ್ಯಾಸ ಪೂರ್ತಿಯಾಗಿ ನಿಲ್ಲಲಿಲ್ಲ. ರೈಲುಹಳಿಯ ಮೇಲೆ ಅಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯಿದೆಯ ಮೇರೆಗೆ ಅಪರಾಧ. ಸುರಂಗದೊಳಗೆ ಸರಿದು ನಿಲ್ಲಲು ಸ್ಥಳ ಬಹಳ ಕಡಿಮೆ. ವಿದ್ಯಾರ್ಥಿಗಳಿಗೆ ಇದನ್ನು ಸ್ಪಷ್ಟವಾಗಿ ಹೇಳುವುದು ಅಧ್ಯಾಪಕರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.

ಹಳಿ ಮುಚ್ಚಿದರೂ ಬೆಟ್ಟ ತೆರೆದೇ ಇದ್ದಿತು. 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಬ್ರಹ್ಮಣ್ಯದಿಂದ ಹತ್ತುವವರು ನಡುದಾರಿಯ ಗಿರಿಗದ್ದೆಯಲ್ಲಿ ತಂಗುವುದು ವಾಡಿಕೆಯಾಗಿದ್ದಿತು. ಅಲ್ಲಿಯ ಒಂಟಿ ಮನೆ ಎಷ್ಟು ಜನಕ್ಕೆ ಅನ್ನ ಬೇಯಿಸಬಲ್ಲುದೋ ಅಷ್ಟೇ ಜನ ಸುಖವಾಗಿ ಹತ್ತಬಹುದೆಂಬ ಹಳೆಯ ಲೆಕ್ಕ ಅಲ್ಲಿ ಬಹುಕಾಲ ಉಳಿದಿದ್ದಿತು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಆ ಲೆಕ್ಕ ಸಂಪೂರ್ಣವಾಗಿ ಕುಸಿಯಿತು. ಸಾವಿರಾರು ಜನ ಒಮ್ಮೆಗೇ ಬಂದುದರಿಂದ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ತಡೆಹಿಡಿಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತರ್ಜಾಲದ ಮೂಲಕ ಮುಂಗಡ ನೋಂದಣಿಯ ವ್ಯವಸ್ಥೆ ಬಂದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿ ಏರ್ಪಟ್ಟಿತು. ಹಿಂದೆ ಘಟ್ಟ ತಾನಾಗಿ ಇಟ್ಟಿದ್ದ ಕಟ್ಟಳೆಯನ್ನು ಈಗ ಸರ್ಕಾರ ಆಜ್ಞೆಯಿಂದ ಇಡಬೇಕಾಗಿ ಬಂದಿದೆ. ಆದರೆ ಮುನ್ನೂರು ಎಂಬುದು ದಾರಿಯ ಮಿತಿಯೇ ಹೊರತು ತಂಡದ ಮಿತಿಯಲ್ಲ. ಮುನ್ನೂರು ಜನ ಒಂದೇ ಗದ್ದಲವಾಗಿ ಹತ್ತುವುದಕ್ಕೂ ಆರಾರು ಜನರಾಗಿ, ಅಂತರವಿಟ್ಟು ಹತ್ತುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ವ್ಯತ್ಯಾಸ ಕಾಡಿನ ಜೀವಿಗಳಿಗೆ ಪ್ರಾಣದ ಪ್ರಶ್ನೆ. ಪುಷ್ಪಗಿರಿ ವನ್ಯಧಾಮವು 2012ರಲ್ಲಿ ಪಶ್ಚಿಮ ಘಟ್ಟಗಳ ವಿಶ್ವ ಪರಂಪರೆಯ ತಾಣಗಳಲ್ಲಿ ಸೇರಿತು. ಸಿಂಗಳೀಕ, ಮಂಗಟ್ಟೆ ಹಕ್ಕಿ, ಕಾಟಿ, ಕಡವೆ, ಕಾಳಿಂಗಸರ್ಪಗಳು ಈ ಮಳೆಕಾಡುಗಳ ಸಹಜ ನಿವಾಸಿಗಳು. ಗದ್ದಲವಾದಲ್ಲಿ ಅವು ಕಾಣಸಿಗುವುದಿಲ್ಲ. ಆನೆಯ ಸ್ಥಿತಿ ಇನ್ನೂ ಜಟಿಲವಾದುದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಆ ಜಲಾಶಯ, ಕಾಫಿ ತೋಟಗಳು, ಗದ್ದೆಗಳು, ಕಾಡಿನ ತುಂಡುಗಳು ಒಂದರೊಳಗೊಂದು ಹೆಣೆದುಕೊಂಡಿರುವ ಆಲೂರು, ಸಕಲೇಶಪುರ ಪ್ರದೇಶದಲ್ಲಿ ಆನೆಗಳು ಊರಿನ ನೆರೆಯಲ್ಲಿಯೇ ಬಾಳುತ್ತಿವೆ. 2014ರ ಸುಮಾರಿಗೆ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಬೇರೆ ಆನೆಗಳು ಬಂದು ಅವುಗಳ ಸ್ಥಳವನ್ನು ತುಂಬಿದವು. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನೆಂಬ ಆನೆ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯ ನಡುವೆ ಹೋರಾಡಿ ಸತ್ತಿತು. ಪಳಗಿದ ಆನೆ, ಅನುಭವಿಗಳಾದ ಮಾವುತರಿಗೇ ಇಂತಹ ಗಂಡಾಂತರವಿರುವ ಕಾಡಿನಲ್ಲಿ, ಹಾಡು ಹಚ್ಚಿಕೊಂಡು ಕತ್ತಲಲ್ಲಿ ನಡೆಯುವ ಗುಂಪಿಗೆ ರಕ್ಷಣೆ ಎಲ್ಲಿಯದು?

ನೆಲದ ಮಾತೂ ಇದಕ್ಕೆ ಕೂಡಿದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಟ್ಟ ಕುಸಿದು ಸಂಚಾರ ನಿಂತಿತು. 2024ರ ಜುಲೈ ಕೊನೆಯಲ್ಲಿ ಯಡಕುಮರಿ, ಕಡಗರವಳ್ಳಿಗಳ ನಡುವೆ ಮಣ್ಣು ಜರಿದು ರೈಲುಗಳು ನಿಂತವು. ಹಳೆಯ ಹೇರೆತ್ತಿನವರು ಮಳೆಗಾಲದಲ್ಲಿ ಘಟ್ಟವಿಳಿಯುವ ಸಾಹಸ ಮಾಡುತ್ತಿರಲಿಲ್ಲ. ಅವರ ವಿವೇಕವನ್ನು ನಾವು ಮರೆಯಬಾರದು.

ಆದುದರಿಂದ ನಮ್ಮ ಕಾಲೇಜುಗಳಿಂದ ಹೊರಡುವ ತಂಡಗಳಿಗೆ ಕೆಲವು ನಿಯಮಗಳನ್ನು ಸೂಚಿಸಬಯಸುತ್ತೇವೆ. ತಂಡ ಹತ್ತು ಜನರನ್ನು ಮೀರದಿರಲಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆಯೂ ಸ್ಥಳೀಯ ಮಾರ್ಗದರ್ಶಿಯಿಲ್ಲದೆಯೂ ಯಾರೂ ಕಾಡಿಗೆ ಕಾಲಿಡದಿರಲಿ. ಹಗಲು ಮಾತ್ರ ನಡೆಯಲಿ; ಮಳೆಗಾಲವನ್ನು ಬಿಡಲಿ. ಘಟ್ಟದ ಬುಡದಲ್ಲಿಯೇ ಪಯಣ ಮುಗಿಸದೆ, ಕುಮಾರಧಾರೆಯನ್ನು ಅನುಸರಿಸಿ ಉಪ್ಪಿನಂಗಡಿಯ ಸಂಗಮವನ್ನು ಕಾಣಲಿ. ಅಲ್ಲಿಂದ ಮಂಗಳೂರಿಗೆ ಸಾಗಿ, ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವೆಡೆಯ ಬೆಂಗ್ರೆಯ ಮರಳದಿಣ್ಣೆಯವರೆಗೆ ಹೋಗಲಿ. ಆಗ ಒಂದು ಹೊಳೆಯ ಪೂರ್ಣ ಚರಿತ್ರೆ ಅವರ ಕಾಲಿಗೆ ತಿಳಿಯುತ್ತದೆ. ದಾರಿಯ ಕಲ್ಲು, ಕಟ್ಟೆ, ಊರ ಹೆಸರು, ವೃದ್ಧರ ನೆನಪುಗಳನ್ನು ಬರೆದಿಟ್ಟುಕೊಂಡರೆ, ಉಪ್ಪಿನ ದಾರಿಗಳ ಚರಿತ್ರೆ ಬರೆಯುವ ಮುಂದಿನವರಿಗೆ ಅದೇ ಆಧಾರವಾದೀತು. ಆ ದಾರಿಗಳನ್ನು ತುಳಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರನ್ನು ಬಲ್ಲ ವೃದ್ಧರೂ ಪ್ರತಿವರ್ಷ ಕಡಮೆಯಾಗುತ್ತಿದ್ದಾರೆ. ಈ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಬರುವ ಬೇಸಗೆಯಲ್ಲಿಯೇ ಕೈಗೊಳ್ಳುವರೆಂದು ಹಾರೈಸುತ್ತೇವೆ.