19ನೇ ನಿಮಿಷದ ಚಪ್ಪಾಳೆ

2012ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವಿಲ್ಲಾ ಪಾರ್ಕ್ ಮೈದಾನದಲ್ಲಿ ಹೊಸದೊಂದು ರೂಢಿ ಶುರುವಾಯಿತು. ಪಂದ್ಯದ 19ನೇ ನಿಮಿಷ ಬಂತೆಂದರೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಂಡ ಗೆಲ್ಲುತ್ತಿರಲಿ, ಸೋಲುತ್ತಿರಲಿ, ಇದು ಮಾತ್ರ ತಪ್ಪುತ್ತಿರಲಿಲ್ಲ. 19 ಎಂಬುದು ಆಸ್ಟನ್ ವಿಲ್ಲಾ ತಂಡದ ನಾಯಕ ಸ್ಟಿಲಿಯಾನ್ ಪೆಟ್ರೋವ್ ಅವರ ಅಂಗಿಯ ಸಂಖ್ಯೆ. ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ಆಗಷ್ಟೇ ಪತ್ತೆಯಾಗಿತ್ತು.

ಪೆಟ್ರೋವ್ ಆ ಊರಿನವರಲ್ಲ, ಆ ದೇಶದವರೂ ಅಲ್ಲ. ದುಡಿಯಲು ಬಂದ ಪರದೇಶಿಯೊಬ್ಬ ಅಲ್ಲಿಯ ಜನರ ಮನೆಮಗನಾದ ಬಗೆ, ಊರು ಬಿಟ್ಟು ಬಂದ ನಮಗೂ ತಿಳಿಯಬೇಕಾದ್ದು.

ಬರ್ಗರ್ ವ್ಯಾನಿನ ಪಾಠಶಾಲೆ

ಪೆಟ್ರೋವ್ ಹುಟ್ಟಿದ್ದು 1979ರ ಜುಲೈ 5ರಂದು, ಬಲ್ಗೇರಿಯಾದ ವಾಯವ್ಯ ಭಾಗದ ಮೊಂಟಾನಾ ಎಂಬ ಪಟ್ಟಣದಲ್ಲಿ. 1994ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ತಂಡ ಜರ್ಮನಿಯನ್ನು ಮಣಿಸಿ ನಾಲ್ಕನೇ ಸ್ಥಾನ ಪಡೆದಾಗ ಅವರು 15ರ ಹುಡುಗ. ಊರಿನ ತಂಡದಿಂದ ರಾಜಧಾನಿಯ ಸಿಎಸ್‌ಕೆಎ ಸೋಫಿಯಾಕ್ಕೆ ಹೋದರು. 1999ರಲ್ಲಿ, 20ರ ಹರೆಯದಲ್ಲಿ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿರುವ ಪ್ರಸಿದ್ಧ ಸೆಲ್ಟಿಕ್ ಕ್ಲಬ್ಬಿಗೆ ಬಂದಿಳಿದರು.

ಮೊದಲ ದಿನಗಳು ಸುಲಭವಾಗಿರಲಿಲ್ಲ. ಇಂಗ್ಲಿಷ್ ಬಾರದು, ಗ್ಲಾಸ್ಗೋದವರ ಉಚ್ಚಾರವಂತೂ ಇಂಗ್ಲಿಷ್ ಬಲ್ಲವರಿಗೇ ಕಷ್ಟ. ಊರಿನ ನೆನಪು ಬಿಡದೆ ಕಾಡುತ್ತಿತ್ತು. ಮಿಡ್‌ಫೀಲ್ಡರ್ ಆದ ಅವರನ್ನು ರಕ್ಷಣಾ ಸಾಲಿನ ಬಲಬದಿಯಲ್ಲಿ ಆಡಿಸಿದ್ದೂ ಉಂಟು.

ಭಾಷೆಗೆ ಅವರು ಕಂಡುಕೊಂಡ ದಾರಿ ವಿಚಿತ್ರ. ಗೆಳೆಯನೊಬ್ಬನ ಬರ್ಗರ್ ವ್ಯಾನಿನಲ್ಲಿ ನಿಂತು ಗಿರಾಕಿಗಳಿಗೆ ತಿಂಡಿ ಕೊಡತೊಡಗಿದರು. ದುಡ್ಡಿಗಾಗಿ ಅಲ್ಲ, ಮಾತಿಗಾಗಿ. ಕೆಲಸಗಾರರು ಬಂದು ಏನು ಬೇಕೆಂದು ಹೇಳಬೇಕು, ಇವರು ಅರ್ಥಮಾಡಿಕೊಂಡು ಕೊಡಬೇಕು. ತಪ್ಪಿದರೆ ಗಿರಾಕಿಯೇ ತಿದ್ದುತ್ತಾನೆ! ಕೌಂಟರಿನ ಹಿಂದೆ ನಿಂತೇ ಹಿಂದಿ, ಮಲಯಾಳಂ, ಅರಬ್ಬಿ ಕಲಿತ ನಮ್ಮ ಅನೇಕ ಬಂಧುಗಳಿಗೆ ಈ ಪಾಠಶಾಲೆಯ ಪರಿಚಯ ಚೆನ್ನಾಗಿಯೇ ಇದೆ.

ಮೈದಾನದ ನಡುವಿನ ದುಡಿಮೆ

ಗೋಲು ಹೊಡೆದವನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಮಿಡ್‌ಫೀಲ್ಡರ್ ಕೆಲಸ ಹಾಗಲ್ಲ. ಎದುರಾಳಿಯ ಚೆಂಡು ಕಸಿಯಬೇಕು, ಮುಂದಿನವರಿಗೆ ಮುಟ್ಟಿಸಬೇಕು, ದಾಳಿಗೂ ರಕ್ಷಣೆಗೂ ಓಡುತ್ತಲೇ ಇರಬೇಕು. 2000ದಲ್ಲಿ ಮಾರ್ಟಿನ್ ಓನೀಲ್ ತರಬೇತುದಾರರಾಗಿ ಬಂದು ಪೆಟ್ರೋವ್‌ರನ್ನು ಮೈದಾನದ ನಡುವಿಗೆ ತಂದ ಮೇಲೆ ಅವರ ಆಟ ಅರಳಿತು. 2001ರಲ್ಲಿ ಕಾಲಿನ ಮೂಳೆ ಮುರಿದರೂ ಚೇತರಿಸಿಕೊಂಡು ಮರಳಿದರು. ಸೆಲ್ಟಿಕ್ ಪರ 300ಕ್ಕೂ ಹೆಚ್ಚು ಪಂದ್ಯಗಳನ್ನಾಡಿ ನಾಲ್ಕು ಬಾರಿ ಲೀಗ್ ಪ್ರಶಸ್ತಿ ಗೆದ್ದರು. 2003ರಲ್ಲಿ ತಂಡ ಯುಇಎಫ್‌ಎ ಕಪ್ ಫೈನಲ್ ತಲುಪಿ ಪೋರ್ಟೊ ಎದುರು 3-2ರಿಂದ ಸೋತಿತು.

2006ರಲ್ಲಿ ಓನೀಲ್ ಅವರೇ ಪೆಟ್ರೋವ್‌ರನ್ನು ಆಸ್ಟನ್ ವಿಲ್ಲಾಕ್ಕೆ ಕರೆತಂದರು. 2008ರಲ್ಲಿ ಡರ್ಬಿ ಕೌಂಟಿ ವಿರುದ್ಧ ಮಧ್ಯಗೆರೆಯ ಸಮೀಪದಿಂದ ಅವರು ಹೊಡೆದ ಗೋಲು ಈಗಲೂ ಅಭಿಮಾನಿಗಳ ಬಾಯಲ್ಲಿದೆ. ಮುಂದೆ ತಂಡದ ನಾಯಕರೂ ಆದರು. ಬಲ್ಗೇರಿಯಾ ಪರ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ ದೇಶದ ದಾಖಲೆ ಬರೆದರು.

ಒಂದು ಜ್ವರ

2012ರ ಮಾರ್ಚ್ 24ರಂದು ಆರ್ಸೆನಲ್ ವಿರುದ್ಧ ಆಡಿದ ಬಳಿಕ ಪೆಟ್ರೋವ್‌ಗೆ ಜ್ವರ ಬಂತು. ಪರೀಕ್ಷೆ ಮಾಡಿಸಿದಾಗ ತೀವ್ರ ಲ್ಯುಕೇಮಿಯಾ ಎಂದು ತಿಳಿಯಿತು. ಮಾರ್ಚ್ 30ರಂದು ಕ್ಲಬ್ ಈ ಸುದ್ದಿ ಪ್ರಕಟಿಸಿತು. ವಯಸ್ಸು ಕೇವಲ 32, ಅದೂ ದಿನವೂ ಓಡುವ ಆಟಗಾರ!

ಕಿಮೊಥೆರಪಿ ಫಲ ಕೊಟ್ಟಿತು, ಅದೇ ವರ್ಷ ರೋಗ ಹಿಡಿತಕ್ಕೆ ಬಂತು. ಆದರೆ 2013ರ ಮೇ ತಿಂಗಳಲ್ಲಿ ನಿವೃತ್ತಿ ಘೋಷಿಸಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಹಾಯಾರ್ಥ ಪಂದ್ಯಕ್ಕೆ ಸೆಲ್ಟಿಕ್ ಮೈದಾನ ತುಂಬಿ ತುಳುಕಿತು. ತಮ್ಮ ಹೆಸರಿನ ಪ್ರತಿಷ್ಠಾನದ ಮೂಲಕ ಪೆಟ್ರೋವ್ ಕ್ಯಾನ್ಸರ್ ಪೀಡಿತರ ನೆರವಿಗೆ ನಿಂತರು. 2016ರಲ್ಲಿ, 37ರ ಸುಮಾರಿಗೆ, ಮತ್ತೆ ವಿಲ್ಲಾ ಆಟಗಾರರೊಂದಿಗೆ ಅಭ್ಯಾಸಕ್ಕೆ ಇಳಿದರು. ಕರಾರು ಸಿಗಲಿಲ್ಲ, ಆದರೆ ಅಂಥ ಕಾಯಿಲೆಯಿಂದ ಎದ್ದವರು ಅಲ್ಲಿಯವರೆಗೆ ಬಂದದ್ದೇ ದೊಡ್ಡದು.

ಪೆಟ್ರೋವ್‌ಗೆ ಕ್ಲಬ್ಬಿನ ವೈದ್ಯರಿದ್ದರು, ಜ್ವರ ಬಂದೊಡನೆ ರಕ್ತಪರೀಕ್ಷೆ ಆಯಿತು. ನಮ್ಮಲ್ಲಿ ಎಷ್ಟೋ ಜನ ಎರಡು ಪೆನಡಾಲ್ ನುಂಗಿ ಡ್ಯೂಟಿಗೆ ಹೋಗುವವರು. ಒಂದು ದಿನದ ಸಂಬಳ ಕಡಿತವಾದೀತು, ಊರಿಗೆ ಗೊತ್ತಾದರೆ ಗಾಬರಿಯಾದಾರು ಎಂಬ ಲೆಕ್ಕ. ಎಲ್ಲ ಜ್ವರವೂ ದೊಡ್ಡ ಕಾಯಿಲೆಯಲ್ಲ, ನಿಜ. ಆದರೆ ಮತ್ತೆ ಮತ್ತೆ ಬರುವ ಜ್ವರ, ವಿಶ್ರಾಂತಿಗೂ ಹೋಗದ ಸುಸ್ತು, ಕಾರಣವಿಲ್ಲದೆ ಮೈಮೇಲೆ ಮೂಡುವ ನೀಲಿ ಕಲೆ, ಒಸಡಿನಲ್ಲಿ ರಕ್ತ, ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರೂಮಿನ ಗೆಳೆಯ ಹೋಗಲು ಹಿಂಜರಿದರೆ ನಾವೇ ಜೊತೆಯಲ್ಲಿ ಹೋಗೋಣ. ಪರದೇಶದಲ್ಲಿ ನಮ್ಮ ಪಾಲಿನ ಮನೆಮಂದಿ ಪಕ್ಕದ ಮಂಚದವರೇ ಅಲ್ಲವೇ?